ಡ್ರೈವರ್ ಯಾರ ಮಾತು ಕೇಳುತ್ತಾನೆ? ತಾನೇ ಓಡುವ ಎಲೆಕ್ಟ್ರಿಕ್ ಕಾರು ಮತ್ತು ಸ್ವಾತಂತ್ರ್ಯ: ಓದಿನ ಟಿಪ್ಪಣಿ

"ತಾನೇ ಓಡುವ ಎಲೆಕ್ಟ್ರಿಕ್ ಕಾರುಗಳಿಂದ ವ್ಯಕ್ತಿ ಸ್ವಾತಂತ್ರ್ಯಕ್ಕೆ ಅಪಾಯವಿದೆಯೇ? ಚರ್ಚಿಸಿ." ಈ ಧಾಟಿಯ ಪ್ರಶ್ನೆಗೆ ಉತ್ತರ ಬರೆಯಲು ಕೂತರೆ ಮೊದಲ ಪುಟ ಸಲೀಸು, ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಎಲ್ಲ ಕಲಸುಮೇಲೋಗರ. ಪ್ರಶ್ನೆಯೇ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದು ಗಂಟಿಗೆ ಕಟ್ಟಿಬಿಟ್ಟಿದೆ. ಕಾರು ತಾನೇ ಓಡುವುದು ಒಂದು, ಕರೆಂಟಿನಲ್ಲಿ ಓಡುವುದು ಇನ್ನೊಂದು, ಸಿಮ್ ಹಾಕಿಕೊಂಡು ಸದಾ ಕಂಪನಿಯ ಸರ್ವರ್ ಜೊತೆ ಮಾತಾಡುತ್ತಿರುವುದು ಮತ್ತೊಂದು. ಮೂರನೆಯದರ ಹೆಸರನ್ನು ಪ್ರಶ್ನೆ ಎತ್ತುವುದೇ ಇಲ್ಲ. ಭಯದ ಬಹುಪಾಲು ಹುಟ್ಟುವುದು ಮಾತ್ರ ಅಲ್ಲಿಂದ.

ಗಂಟು ಬಿಡಿಸುವ ಉಪಾಯ

ಯಾವ ಉದಾಹರಣೆ ಸಿಕ್ಕರೂ ಮೂರು ಪ್ರಶ್ನೆ ಕೇಳಿ. ಓಡಿಸುವವರು ಯಾರು? ನೋಡುತ್ತಿರುವವರು ಯಾರು? ನಿಲ್ಲಿಸಬಲ್ಲವರು ಯಾರು? ನನ್ನ ನೋಟ್‌ಬುಕ್ಕಿನ ಅಂಚಿನ ತುಂಬ "ಓ-ನೋ-ನಿ" ಎಂದು ಗೀಚಿಕೊಂಡಿದ್ದೇನೆ. ನೋಡಲು ತಮಾಷೆ, ಕೆಲಸಕ್ಕೆ ಪಕ್ಕಾ.

ಓಡಿಸುವ ಕೆಲಸ ಬೇರೆಯವರ ಕೈಗೆ ಹೋದ ಮಾತ್ರಕ್ಕೆ ಸ್ವಾತಂತ್ರ್ಯ ಹೋಗುವುದಿಲ್ಲ. ಡ್ರೈವರ್ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುವ ಸಾಹುಕಾರರು ಸ್ಟೇರಿಂಗ್ ತಮ್ಮ ಕೈಲಿಲ್ಲವೆಂದು ಯಾವತ್ತಾದರೂ ಗೋಳಾಡಿದ್ದಾರೆಯೇ? ಆ ಡ್ರೈವರ್ ಅವರ ಮಾತು ಕೇಳುತ್ತಾನೆ, ಅಷ್ಟೇ. ಅವನಿಗೆ ಸಂಬಳ ಇನ್ಯಾರೋ ಕೊಡುತ್ತಿದ್ದು, ನೀವು ಹೋದಲ್ಲೆಲ್ಲ ಅವರಿಗೆ ವರದಿ ಒಪ್ಪಿಸುತ್ತ, ಅವರು ಬೇಡವೆಂದ ಬೀದಿಗೆ ಗಾಡಿ ತಿರುಗಿಸದೆ ಇದ್ದರೆ ಆಗ ಕಥೆ ಬೇರೆ. ಇಡೀ ಉತ್ತರವನ್ನು ಈ ಒಂದು ಗೂಟಕ್ಕೆ ಕಟ್ಟಬಹುದು ಎಂಬುದು ನನ್ನ ಅಭಿಪ್ರಾಯ.

ಓಡಿಸುವವರು ಯಾರು?

ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ಜೆ3016 ದಾಖಲೆ 2014ರಲ್ಲಿ ಬಂತು. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಎಂದು ಹೇಳುವ 0ಯಿಂದ 5ರವರೆಗಿನ ಹಂತಗಳು ಅದರಲ್ಲಿವೆ. ಕೋಷ್ಟಕ ಎಲ್ಲ ಪುಸ್ತಕದಲ್ಲೂ ಇದೆ, ಮತ್ತೆ ಬರೆಯುವುದಿಲ್ಲ. ನೆನಪಿಗೆ ಇಷ್ಟು ಸಾಕು: ಹಂತ 2ರಲ್ಲಿ ರಸ್ತೆಯ ಮೇಲೆ ಕಣ್ಣು ನಿಮ್ಮದೇ ಇರಬೇಕು (ನಮ್ಮಲ್ಲಿ ಎಕ್ಸ್‌ಯುವಿ 700 ಥರದ ಕಾರುಗಳಲ್ಲಿ ಚಾಲಕರಿಗೆ ನೆರವಾಗುವ ಎಡಾಸ್ ವ್ಯವಸ್ಥೆ ಇಲ್ಲಿಗೆ ಸೇರುತ್ತದೆ). ಹಂತ 3ರಲ್ಲಿ ಕಾರು ಕರೆದಾಗ ನೀವು ಸ್ಟೇರಿಂಗ್ ಹಿಡಿಯಬೇಕು. ಹಂತ 4ರಲ್ಲಿ ಅದು ಕರೆಯುವುದೇ ಇಲ್ಲ. ಹಂತ 5 ಇನ್ನೂ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಎಡವುವ ಜಾಗ 4 ಮತ್ತು 5ರ ನಡುವೆ ಇದೆ. ಇಲ್ಲಿ ಸ್ವಲ್ಪ ನಿಲ್ಲೋಣ. ಹಂತ 4 ಅಂದರೆ ಎಂಬತ್ತು ಪರ್ಸೆಂಟ್ ಜಾಣ, ಹಂತ 5 ಅಂದರೆ ನೂರು ಪರ್ಸೆಂಟ್ ಜಾಣ ಎಂದು ಅನ್ನಿಸುತ್ತದೆ. ಅದು ಹಾಗಿಲ್ಲ. ತನ್ನ ವಲಯದೊಳಗೆ ಹಂತ 4ರ ಕಾರು ಪೂರ್ತಿ ಕೆಲಸ ಮಾಡುತ್ತದೆ. ಏನಾದರೂ ಕೆಟ್ಟರೆ ತಾನೇ ಬದಿಗೆ ಸರಿದು ನಿಲ್ಲುವುದೂ ಅದರದೇ ಜವಾಬ್ದಾರಿ. ಎರಡರ ವ್ಯತ್ಯಾಸ ಇರುವುದು ಬೇಲಿಯಲ್ಲಿ. ಯಾವ ರಸ್ತೆ, ಎಂಥ ಹವೆ, ಎಷ್ಟು ವೇಗ, ಯಾವ ಹೊತ್ತು ಎಂದು ಮೊದಲೇ ಗೆರೆ ಎಳೆದಿರುತ್ತಾರೆ. ಆಪರೇಷನಲ್ ಡಿಸೈನ್ ಡೊಮೈನ್, ಚಿಕ್ಕದಾಗಿ ಒಡಿಡಿ, ಎಂದು ಕರೆಯುವುದು ಇದನ್ನೇ. ಹಂತ 5ಕ್ಕೆ ಆ ಬೇಲಿ ಇಲ್ಲ.

ಈಗ ಇದನ್ನು ಸ್ವಾತಂತ್ರ್ಯದ ಪಕ್ಕ ಇಟ್ಟು ನೋಡಿ. ಡ್ರೈವಿಂಗ್ ಲೈಸೆನ್ಸ್ ಕೈಲಿದ್ದರೆ ಸಾರ್ವಜನಿಕರಿಗೆ ತೆರೆದ ರಸ್ತೆಗಳೆಲ್ಲ ನಿಮ್ಮವೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡ್ರೈವರ್ ಇಲ್ಲದೆ ಓಡುವ ಹಂತ 4ರ ವೇಮೊ ಟ್ಯಾಕ್ಸಿ ಹತ್ತಿದವರಿಗೆ ಕಂಪನಿಯ ನಕ್ಷೆಯಲ್ಲಿ ಇರುವ ರಸ್ತೆಗಳು ಮಾತ್ರ. ಫ್ರೀವೇಗಳು ಊರಿನ ಮಧ್ಯದಲ್ಲೇ ಹಾದುಹೋಗುತ್ತವೆ, ಆದರೂ 2025ರ ನವೆಂಬರ್‌ವರೆಗೆ ಸಾಮಾನ್ಯ ಪ್ರಯಾಣಿಕರನ್ನು ಹೊತ್ತ ವೇಮೊ ಕಾರು ಅವುಗಳನ್ನು ಹತ್ತುತ್ತಿರಲಿಲ್ಲ. ಹಗಲೂ ರಾತ್ರಿ ಊರೆಲ್ಲ ಓಡಿ ಬಾಡಿಗೆ ವಸೂಲಿ ಮಾಡಲು ವೇಮೊ ಮತ್ತು ಕ್ರೂಸ್ ಕಂಪನಿಗಳಿಗೆ ಕ್ಯಾಲಿಫೋರ್ನಿಯಾದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ 2023ರ ಆಗಸ್ಟ್ 10ರಂದು ಅನುಮತಿ ಕೊಟ್ಟಿತು. ಕ್ರೂಸ್ ಕಾರೊಂದು ಪಾದಚಾರಿ ಮಹಿಳೆಯನ್ನು ಎಳೆದೊಯ್ದ ಮೇಲೆ ಅದೇ ವರ್ಷ ಅಕ್ಟೋಬರ್ 24ರಂದು ಆ ಕಂಪನಿಯ ಪರವಾನಗಿಯನ್ನು ರಾಜ್ಯದ ಮೋಟಾರು ವಾಹನ ಇಲಾಖೆ ಅಮಾನತು ಮಾಡಿತು. ಬೇಲಿ ಹಿಗ್ಗಿಸುವುದು, ಕುಗ್ಗಿಸುವುದು, ಕಿತ್ತೇ ಹಾಕುವುದು ಎಲ್ಲ ಕಂಪನಿ ಮತ್ತು ನಿಯಂತ್ರಕರ ನಡುವಿನ ವ್ಯವಹಾರ. ಒಳಗೆ ಕೂತವರಿಗೆ ಅದರಲ್ಲಿ ಪಾತ್ರವಿಲ್ಲ.

ಪ್ರಯಾಣಿಕರ ಕೈಗೆ ಕಾರನ್ನು ಬದಿಗೆ ನಿಲ್ಲಿಸುವ ಒಂದು ಗುಂಡಿ ಕೊಟ್ಟಿದ್ದಾರೆ. ನಿಲ್ಲು ಅನ್ನಬಹುದು, ಇತ್ತ ಹೋಗು ಅನ್ನಲಾಗುವುದಿಲ್ಲ. ಅರಿಜೋನಾದಲ್ಲಿ ವಿಮಾನ ಹಿಡಿಯಲು ಹೊರಟವರೊಬ್ಬರನ್ನು ವೇಮೊ ಪಾರ್ಕಿಂಗ್ ಜಾಗದಲ್ಲೇ ಸುತ್ತು ಹೊಡೆಸಿದ ವಿಡಿಯೊ 2025ರ ಜನವರಿಯಲ್ಲಿ ಎಲ್ಲೆಡೆ ಹರಿದಾಡಿತು. ಅವರು ಫೋನಿನಲ್ಲಿ ಕಂಪನಿಯವರ ಜೊತೆ ಮಾತಾಡುತ್ತಿದ್ದಾರೆ, ಕಾರು ತನ್ನ ಪಾಡಿಗೆ ಸುತ್ತುತ್ತಿದೆ. ಅಪಾಯ ಏನೂ ಆಗಲಿಲ್ಲ, ಆದರೆ ಹಂತ 4ರಲ್ಲಿ ಅಧಿಕಾರ ಎಲ್ಲಿ ಕೂತಿರುತ್ತದೆ ಎಂಬುದಕ್ಕೆ ಇಷ್ಟು ಚೆನ್ನಾದ ಪಾಠ ಇನ್ನೊಂದಿಲ್ಲ.

ಎದುರು ವಾದವನ್ನೂ ಬರೆಯಲೇಬೇಕು. 2015ರಲ್ಲಿ ಆಸ್ಟಿನ್ ನಗರದಲ್ಲಿ ಸ್ಟೀವ್ ಮಹಾನ್ ಎಂಬ ದೃಷ್ಟಿಹೀನರು ಸ್ಟೇರಿಂಗೂ ಪೆಡಲೂ ಇಲ್ಲದ ಗೂಗಲ್ ಕಾರಿನಲ್ಲಿ ಒಬ್ಬರೇ ಕೂತು ಸಾರ್ವಜನಿಕ ರಸ್ತೆಯಲ್ಲಿ ಸುತ್ತಾಡಿ ಬಂದರು. ಲೈಸೆನ್ಸ್ ಎಂಬ ಬೇಲಿಯ ಆಚೆಗೇ ಉಳಿದವರಿಗೆ ಒಡಿಡಿಯ ಬೇಲಿ ಒಂದು ಊರಿನಷ್ಟು ದೊಡ್ಡ ಬಯಲು. ಸ್ವಾತಂತ್ರ್ಯ ಹೋಗುತ್ತದೆ ಎಂದು ಬರೆಯುವಾಗ ಯಾರ ಸ್ವಾತಂತ್ರ್ಯ ಎಂದು ಸೇರಿಸದಿದ್ದರೆ ಆ ಉತ್ತರ ಅರ್ಧ. (ನಮ್ಮ ದೇಶದಲ್ಲಿ ಚರ್ಚೆ ಇನ್ನೂ ಇಲ್ಲಿಗೆ ಬಂದಿಲ್ಲ. ಡ್ರೈವರ್‌ಗಳ ಕೆಲಸ ಹೋಗುತ್ತದೆ, ಆದ್ದರಿಂದ ಇಂಥ ಕಾರುಗಳನ್ನು ಬಿಡುವುದಿಲ್ಲ ಎಂದು ನಿತಿನ್ ಗಡ್ಕರಿ 2017ರಲ್ಲೂ 2023ರಲ್ಲೂ ಹೇಳಿದ್ದಾರೆ.)

ನೋಡುತ್ತಿರುವವರು ಯಾರು?

ತಾನೇ ಓಡಲು ಕಾರಿಗೆ ಕಣ್ಣು ಬೇಕು, ಅಂದರೆ ಕ್ಯಾಮೆರಾ, ರೇಡಾರ್, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್. ಆ ಕಣ್ಣಿಗೆ ನೀವೂ ಬೀಳುತ್ತೀರಿ, ಫುಟ್‌ಪಾತಿನಲ್ಲಿ ನಡೆದುಹೋಗುವವರೂ ಬೀಳುತ್ತಾರೆ. ಈ ಕಾರುಗಳು ಸುತ್ತಲಿನದನ್ನು ಸದಾ ರೆಕಾರ್ಡ್ ಮಾಡುತ್ತಿರುತ್ತವೆ, ತನಿಖೆಗೆ ಸುಳಿವು ಸಿಗಬಹುದು ಎಂಬ ಸೂಚನೆ ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರ ತರಬೇತಿ ಕಡತವೊಂದರಲ್ಲಿ ಇದ್ದದ್ದು 2022ರಲ್ಲಿ ಬೆಳಕಿಗೆ ಬಂತು.

ಇಲ್ಲಿ ಕಾನೂನಿನ ಒಂದು ಹೆಜ್ಜೆ ಇದೆ, ಅದು ನನಗೆ ತಲೆಗೆ ಹತ್ತಲು ಬಹಳ ಹೊತ್ತು ಹಿಡಿಯಿತು. ನಿಧಾನಕ್ಕೆ ಬರೆಯುತ್ತೇನೆ.

2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜೋನ್ಸ್ ಪ್ರಕರಣದ ತೀರ್ಪು ಕೊಟ್ಟಿತು. ಪೊಲೀಸರು ಶಂಕಿತನ ಜೀಪಿಗೆ ಜಿಪಿಎಸ್ ಅಂಟಿಸಿ 28 ದಿನ ಹಿಂಬಾಲಿಸಿದ್ದರು. ಅದು ಅಲ್ಲಿನ ಸಂವಿಧಾನದ ನಾಲ್ಕನೇ ತಿದ್ದುಪಡಿಯ (ಸರ್ಕಾರ ಅಕಾರಣವಾಗಿ ಶೋಧಿಸದಂತೆ ಜನರನ್ನು ಕಾಯುವುದು ಇದೇ) ಅರ್ಥದಲ್ಲಿ ಶೋಧವೇ ಸರಿ ಎಂದಿತು ಕೋರ್ಟು. "ಆಯ್ತಲ್ಲ, ಕಾರಿನ ಓಡಾಟ ಖಾಸಗಿ" ಎಂದು ಇಲ್ಲಿಗೇ ಮುಗಿಸಬೇಡಿ. ಬಹುಮತದ ತೀರ್ಪು ನಿಂತಿದ್ದು ಸರ್ಕಾರ ಬೇರೆಯವರ ಸೊತ್ತಿನ ಮೇಲೆ ಕೈಹಾಕಿ ಉಪಕರಣ ಅಂಟಿಸಿತು ಎಂಬ ಕಾರಣದ ಮೇಲೆ. ಈಗಿನ ಕಾರಿನಲ್ಲಿ ಜಿಪಿಎಸ್ ಅಂಟಿಸುವುದು ಕಾರ್ಖಾನೆ, ಅದೂ ನೀವೇ ದುಡ್ಡು ಕೊಟ್ಟು. ಪೊಲೀಸರು ನಿಮ್ಮ ಕಾರನ್ನು ಮುಟ್ಟಬೇಕಾಗಿಯೇ ಇಲ್ಲ, ಕಂಪನಿಯನ್ನು ಕೇಳಿದರೆ ಸಾಕು. ಹಾಗಾಗಿ ಜೋನ್ಸ್ ಒಂದನ್ನೇ ಉದಾಹರಿಸಿದರೆ ವಾದ ನಿಲ್ಲುವುದಿಲ್ಲ.

ಆ ಕಂದಕ ದಾಟಲು 2018ರ ಕಾರ್ಪೆಂಟರ್ ಪ್ರಕರಣ ಬೇಕು. ಅಲ್ಲಿ ಮೊಬೈಲ್ ಕಂಪನಿಯ ಬಳಿ ಇದ್ದ 127 ದಿನಗಳ ಟವರ್ ಮಾಹಿತಿಯನ್ನು ಪೊಲೀಸರು ವಾರಂಟ್ ಇಲ್ಲದೆ ಪಡೆದಿದ್ದರು. ಮಾಹಿತಿ ಮೂರನೆಯವರ ಬಳಿ ಇದೆ ಎಂಬ ಒಂದೇ ಕಾರಣಕ್ಕೆ ರಕ್ಷಣೆ ತಪ್ಪುವುದಿಲ್ಲ, ವಾರಂಟ್ ಬೇಕು ಎಂದು ಕೋರ್ಟ್ 5-4ರಲ್ಲಿ ಹೇಳಿತು. ಕಾರಿನ ಮಾಹಿತಿಗೂ ಇದೇ ತರ್ಕ ಹಚ್ಚಬೇಕು ಎಂದು ವಾದಿಸಲು ದಾರಿ ಸಿಗುವುದು ಇಲ್ಲಿಂದ. ಸೂತ್ರವಾಗಿ: ಜೋನ್ಸ್ ಅಂಟಿಸಿದ್ದಕ್ಕೆ, ಕಾರ್ಪೆಂಟರ್ ಕೂಡಿಟ್ಟದ್ದಕ್ಕೆ.

ಎರಡೂ ಸರ್ಕಾರದ ವಿರುದ್ಧ ಮಾತ್ರ ಎಂಬುದನ್ನೂ ಮರೆಯಬೇಡಿ. ಕಂಪನಿ ವಿಮೆಯವರಿಗೆ ಮಾರಿಕೊಂಡರೆ ನಾಲ್ಕನೇ ತಿದ್ದುಪಡಿ ಸಹಾಯಕ್ಕೆ ಬರುವುದಿಲ್ಲ. ಜನರಲ್ ಮೋಟರ್ಸ್ ಕಾರುಗಳಿಂದ ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ಸ್ಥಳದ ಮಾಹಿತಿ ಪಡೆಯಲಾಗುತ್ತಿತ್ತು ಎಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಆರೋಪಿಸಿತು. ಅಂಥ ಮಾಹಿತಿಯನ್ನು ಗ್ರಾಹಕ ವರದಿ ಸಂಸ್ಥೆಗಳಿಗೆ (ಜನರ ವಿವರ ಕಲೆಹಾಕಿ ವಿಮೆ, ಸಾಲ ಕೊಡುವವರಿಗೆ ಒದಗಿಸುವವರಿಗೆ) ಐದು ವರ್ಷ ಕೊಡಕೂಡದು ಎಂಬ ಆದೇಶವನ್ನು 2025ರ ಜನವರಿಯಲ್ಲಿ ಮುಂದಿಟ್ಟಿತು. ಆ ಕಂಪನಿ ಮಾರುವ ಕಾರುಗಳಲ್ಲಿ ಬಹುಪಾಲು ಪೆಟ್ರೋಲಿನವು, ಓಡಿಸುವವರು ಮನುಷ್ಯರೇ. ಓ-ನೋ-ನಿ ಹಾಕಿ ನೋಡಿ: ಓಡಿಸುವ ಕೈ ನಿಮ್ಮದೇ, ನೋಡುವ ಕಣ್ಣು ಮಾತ್ರ ಬೇರೆಯವರದು. ಎಲೆಕ್ಟ್ರಿಕ್ಕೂ ಅಲ್ಲ, ತಾನೇ ಓಡುವುದೂ ಅಲ್ಲ, ಬರೀ ಸಿಮ್.

ನಮ್ಮ ಸಂವಿಧಾನದ ಕಡೆಗೆ ಬಂದರೆ ಖರಕ್ ಸಿಂಗ್ ಪ್ರಕರಣ (1962). ಉತ್ತರ ಪ್ರದೇಶದ ಪೊಲೀಸರು ರಾತ್ರಿ ಹೊತ್ತು ಖರಕ್ ಸಿಂಗ್ ಮನೆಗೆ ಬಂದು ನೋಡುವುದು ತಪ್ಪು ಎಂದ ಸುಪ್ರೀಂ ಕೋರ್ಟಿನ ಬಹುಮತ, ಅವನ ಓಡಾಟದ ಮೇಲೆ ಕಣ್ಣಿಡುವುದರಿಂದ ಸಂಚಾರ ಸ್ವಾತಂತ್ರ್ಯಕ್ಕೇನೂ ಧಕ್ಕೆಯಿಲ್ಲ ಎಂದಿತು. ಕಾಲು ಕಟ್ಟಿಲ್ಲವಲ್ಲ, ಹೋಗಲಿ ಬಿಡಿ ಎಂಬ ಧೋರಣೆ. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಪೊಲೀಸನ ಕಣ್ಗಾವಲಿನಲ್ಲಿ ನಡೆಯುವ ನಡಿಗೆ ಸ್ವತಂತ್ರ ಹೇಗಾದೀತು, ಅವನಿಗೆ ಇಡೀ ದೇಶವೇ ಸೆರೆಮನೆ ಎಂಬುದು ಅವರ ಭಿನ್ನ ತೀರ್ಪಿನ ಸಾರ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿ, ಅದನ್ನು ನಿರಾಕರಿಸಿದ್ದ ಖರಕ್ ಸಿಂಗ್ ಭಾಗವನ್ನು ತಳ್ಳಿಹಾಕಿತು. 19(1)(ಡಿ) (ಸಂಚಾರ ಸ್ವಾತಂತ್ರ್ಯ) ಮತ್ತು 21ನೇ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ) ವಿಧಿಗಳನ್ನು ಜೋಡಿಸಿ ಬರೆಯಲು ಸುಬ್ಬರಾವ್ ಅವರ ಈ ಸಾಲಿಗಿಂತ ಒಳ್ಳೆಯ ಸೇತುವೆ ನನಗೆ ಸಿಕ್ಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಸೇರಿಸಿ, ಜೊತೆಗೆ ಅದರ 17ನೇ ಸೆಕ್ಷನ್ ಸರ್ಕಾರದ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅವಕಾಶ ಇಟ್ಟಿದೆ ಎಂಬುದನ್ನೂ.

ನಿಲ್ಲಿಸಬಲ್ಲವರು ಯಾರು?

ಎಲೆಕ್ಟ್ರಿಕ್ ಕಾರಿನ ಮೇಲಿನ ಅನುಮಾನ ಹೆಚ್ಚಾಗಿ ಇಲ್ಲಿ ಸುತ್ತುತ್ತದೆ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಫ್ಲೋರಿಡಾಕ್ಕೆ ಬಂದಾಗ ಟೆಸ್ಲಾ ಕಂಪನಿ ಕೆಲವು ಕಾರುಗಳ ಬ್ಯಾಟರಿಯ ಬೀಗವನ್ನು ದೂರದಿಂದಲೇ ತಾತ್ಕಾಲಿಕವಾಗಿ ತೆರೆಯಿತು. ಆ ಕಾರುಗಳಲ್ಲಿ ಬ್ಯಾಟರಿ ದೊಡ್ಡದೇ ಇತ್ತು, ಕಡಿಮೆ ದುಡ್ಡು ಕೊಟ್ಟವರಿಗೆ ಸಾಫ್ಟ್‌ವೇರ್ ಅದರ ಒಂದು ಭಾಗವನ್ನು ಮುಚ್ಚಿಟ್ಟಿತ್ತು. ಊರು ಬಿಟ್ಟು ಹೊರಟವರಿಗೆ ಉಪಕಾರವಾಯಿತು, ನಿಜ. ಆದರೆ ತೆರೆಯಬಲ್ಲ ಕೈ ಮುಚ್ಚಲೂ ಬಲ್ಲದು.

ಇದು ಬ್ಯಾಟರಿಯಿಂದ ಬಂದ ಗುಣ ಎಂದು ಬರೆದರೆ ತಪ್ಪು. ಕಳುವಾದ ಕಾರನ್ನು ದೂರದಿಂದ ನಿಧಾನಗೊಳಿಸುವ ಸೌಲಭ್ಯ ಜನರಲ್ ಮೋಟರ್ಸ್‌ನ ಆನ್‌ಸ್ಟಾರ್ ಸೇವೆಯಲ್ಲಿ 2009ರಲ್ಲೇ ಇತ್ತು, ಅವು ಪೆಟ್ರೋಲ್ ಗಾಡಿಗಳು. ಬ್ಯಾಟರಿ ಬೇರೆ, ಬೀಗ ಬೇರೆ.

ಇನ್ನೆರಡು ಸಂಗತಿಗಳನ್ನು ಉತ್ತರಗಳಲ್ಲಿ ಅತಿರೇಕಕ್ಕೆ ಒಯ್ಯುತ್ತಾರೆ. ಅಮೆರಿಕದ 2021ರ ಮೂಲಸೌಕರ್ಯ ಕಾಯ್ದೆಯ 24220ನೇ ಸೆಕ್ಷನ್ "ಪೊಲೀಸರ ಕೈಗೆ ಸ್ವಿಚ್" ಕೊಡುತ್ತದೆ ಎಂಬ ಮಾತು ಬಹಳ ಓಡಾಡುತ್ತದೆ. ಅದರಲ್ಲಿರುವುದು ಕುಡಿದು ಓಡಿಸುವುದನ್ನು ಕಾರೇ ಪತ್ತೆಹಚ್ಚಿ ತಡೆಯುವ ತಂತ್ರಜ್ಞಾನ, ಪೊಲೀಸರ ರಿಮೋಟಿನ ಮಾತೇ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ವೇಗದ ಮಿತಿ ನೆನಪಿಸುವ ವ್ಯವಸ್ಥೆ ಕಡ್ಡಾಯ, ಆದರೆ ಚಾಲಕ ಅದನ್ನು ಮೀರಬಹುದು, ಆರಿಸಲೂಬಹುದು.

ಮೂರೂ ಒಂದಾಗುವ ಉದಾಹರಣೆ

ಫೋರ್ಡ್ ಕಂಪನಿಯ ಪೇಟೆಂಟ್ ಅರ್ಜಿಯೊಂದು 2023ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಸಾಲದ ಕಂತು ಕಟ್ಟದವರ ಕಾರಿನಲ್ಲಿ ಮೊದಲು ಎಸಿ, ರೇಡಿಯೊ ಕೆಲಸ ನಿಲ್ಲಿಸುವುದು, ಆಮೇಲೆ ಕಿರಿಕಿರಿ ಸದ್ದು ಮಾಡುವುದು, ಆಮೇಲೆ ಬಾಗಿಲು ಬೀಗ, ಕೊನೆಗೆ ತಾನೇ ಓಡಬಲ್ಲ ಕಾರಾದರೆ ಅದು ಹೊರಟು ಜಪ್ತಿ ಮಾಡುವವರ ಅಂಗಳಕ್ಕೋ, ಬೆಲೆ ಬಾಳದ್ದಾದರೆ ಗುಜರಿಗೋ ಹೋಗುವುದು. ಇದನ್ನು ಬಳಸುವ ಯೋಚನೆ ಇಲ್ಲ ಎಂದು ಫೋರ್ಡ್ ಹೇಳಿತು. ಓ-ನೋ-ನಿ ಹಚ್ಚಿದರೆ ಕಂತು ಬಾಕಿ ಇರುವುದನ್ನು ನೋಡುವವರು, ಬೀಗ ಹಾಕುವವರು, ಓಡಿಸುವವರು ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ನೋಡುವುದೂ ನಿಲ್ಲಿಸುವುದೂ ಪೆಟ್ರೋಲ್ ಕಾರಿನಲ್ಲೂ ಆಗಿಹೋಗಿವೆ, ಅಂಗಳದಿಂದ ತಾನಾಗಿ ಎದ್ದು ಹೋಗುವುದೊಂದೇ ಇಲ್ಲಿ ಹೊಸದು. ಹತ್ತು ಅಂಕದ ಪ್ರಶ್ನೆಯಾದರೆ ಇದೊಂದನ್ನೇ ಹಿಡಿದು ಬಿಡಿಸಿ, ಐದು ಅಂಕದ್ದಾದರೆ ಜೋನ್ಸ್ ಮತ್ತು ಕಾರ್ಪೆಂಟರ್ ಸಾಕು.