ಏರ್ ಪಿಸ್ತೂಲಿಗೆ ಇನ್ನೂ 500 ಗ್ರಾಂ ಕೂಡಿಸಬೇಕೆ?

ಪ್ರಶ್ನೆ: ನನ್ನ ಮಗಳು ಒಂದೂವರೆ ವರ್ಷದಿಂದ 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತಿದ್ದಾಳೆ. ಅವಳ ಪಿಸ್ತೂಲು 980 ಗ್ರಾಂ ತೂಗುತ್ತದೆ. ಪಂದ್ಯದ ತೂಕ 1500 ಗ್ರಾಂ ಎಂದು ಕೇಳಿದ್ದೇನೆ. ಉದ್ಯಮಬಾಗದ ಲೇಥ್‌ನಲ್ಲಿ ಹಿತ್ತಾಳೆಯ ನಾಲ್ಕು ತುಂಡು ಮಾಡಿಸಿಟ್ಟಿದ್ದೇನೆ. ಅವುಗಳನ್ನು ಎಲ್ಲಿ ಕೂಡಿಸಬೇಕು?
– ಒಬ್ಬ ಪಾಲಕರು, ಬೆಳಗಾವಿ

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಬೈಲಹೊಂಗಲದವರು ಕೇಳಿದ್ದಾರೆ, ಗೋಕಾಕದವರು ಕೇಳಿದ್ದಾರೆ, ನಾಲ್ಕು ವರ್ಷ ನನ್ನ ಕೈಕೆಳಗೇ ಕಲಿತ ಹುಡುಗ ಪಂದ್ಯದ ಹಿಂದಿನ ರಾತ್ರಿ ಹತ್ತು ಗಂಟೆಗೆ ಫೋನು ಮಾಡಿ ಕೇಳಿದ್ದಾನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಎಲ್ಲಿಯೂ ಕೂಡಿಸಬೇಕಿಲ್ಲ. ನಿಮ್ಮ ಮಗಳ ಪಿಸ್ತೂಲು ಇದ್ದ ಹಾಗೆಯೇ ಪಂದ್ಯಕ್ಕೆ ಸಲ್ಲುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲಿ 1500 ಗ್ರಾಂ ಎನ್ನುವುದು ಮೇಲಿನ ಗೆರೆ, ಕೆಳಗಿನ ಗೆರೆ ಇಲ್ಲವೇ ಇಲ್ಲ. ಬಸ್ಸಿನಲ್ಲಿ ಐವತ್ತು ಜನಕ್ಕೆ ಪರವಾನಗಿ ಎಂದು ಬರೆದಿದ್ದರೆ ಐವತ್ತು ಜನ ತುಂಬುವ ತನಕ ಬಸ್ಸು ಹೊರಡಬಾರದು ಎಂದು ಯಾರೂ ಓದಿಕೊಳ್ಳುವುದಿಲ್ಲ. ಪಿಸ್ತೂಲಿನ ವಿಷಯದಲ್ಲಿ ಮಾತ್ರ ಹಾಗೆಯೇ ಓದಿಕೊಳ್ಳುತ್ತಾರೆ.

ಉಳಿದ ಅಳತೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಏರ್ ಪಿಸ್ತೂಲು 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯೊಳಗೆ ಕೂರಬೇಕು. ಟ್ರಿಗರ್ ಬಿಡದೆ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. 25 ಮೀಟರ್ ಪಂದ್ಯದ, ಮದ್ದಿನ ಗುಂಡು ಹಾರಿಸುವ .22 ಪಿಸ್ತೂಲಿಗೆ ತೂಕದ ಮಿತಿ 1400 ಗ್ರಾಂ, ಟ್ರಿಗರ್ 1000 ಗ್ರಾಂ. ತೂಗುವಾಗ ಪಿಸ್ತೂಲಿಗೆ ಕೂಡಿಸಿದ್ದೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಪೆಲೆಟ್ಟನ್ನು ತಳ್ಳುವ ಗಾಳಿ ತುಂಬುವ ಸಿಲಿಂಡರನ್ನು ಮನೆಯಲ್ಲಿ ಖಾಲಿಯಾಗಿಯೇ ಹಾಕಿ ತೂಗುವವರು ಒಂದು ಮಾತು ನೆನಪಿಡಬೇಕು. ಗಾಳಿಗೂ ತೂಕವಿದೆ, 200 ಬಾರ್ ಒತ್ತಡಕ್ಕೆ ತುಂಬಿದಾಗ ಅಷ್ಟು ಪುಟ್ಟ ಸಿಲಿಂಡರೇ ಹತ್ತು ಹದಿನೈದು ಗ್ರಾಂ ಹೆಚ್ಚು ತೂಗುತ್ತದೆ.

ಇಷ್ಟು ಹೇಳಿದರೂ ಪಾಲಕರು ಸುಮ್ಮನಾಗುವುದಿಲ್ಲ. ‘ಸರ್, ನಿಯಮ ಕೇಳದಿದ್ದರೂ ಭಾರ ಹೆಚ್ಚಾದಷ್ಟು ಕೈ ನಡುಗುವುದಿಲ್ಲವಲ್ಲ’ ಎನ್ನುತ್ತಾರೆ. ನನ್ನ ಅರ್ಧ ಆಯುಷ್ಯ ಈ ನಂಬಿಕೆಯೊಂದಿಗೆ ಜಗಳವಾಡುವುದರಲ್ಲಿ ಕಳೆದಿದೆ. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವವರನ್ನು, ಜೋಳದ ಚೀಲ ಹೊತ್ತು ನಡೆಯುವವರನ್ನು ನೋಡಿ ಬೆಳೆದ ನಾಡು ನಮ್ಮದು. ಭಾರ ಎತ್ತಿದವನೇ ಗಟ್ಟಿಗ ಎಂಬುದು ನಮಗೆ ರಕ್ತದಲ್ಲೇ ಇದೆ. ಶೂಟಿಂಗ್ ಅಂಕಣದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ನಂಬಿಕೆಯಲ್ಲಿ ಒಂದು ಕಾಳು ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಆರೋಗ್ಯವಂತರ ಕೈಯೂ ಸೆಕೆಂಡಿಗೆ ಎಂಟರಿಂದ ಹನ್ನೆರಡು ಬಾರಿ ಸಣ್ಣಗೆ ಕಂಪಿಸುತ್ತದೆ. ತುಸು ಭಾರ ಆ ಕಂಪನವನ್ನು ತಡೆಯುತ್ತದೆ. ಆದರೆ ಸ್ನಾಯು ದಣಿದಾಗ ಬರುವ ನಿಧಾನದ ಓಲಾಟ ಬೇರೆಯೇ. ಅದನ್ನು ಭಾರ ತಡೆಯುವುದಿಲ್ಲ, ಹೆಚ್ಚಿಸುತ್ತದೆ. ಪಂದ್ಯದಲ್ಲಿ 75 ನಿಮಿಷಗಳಲ್ಲಿ 60 ಗುಂಡು ಹೊಡೆಯಬೇಕು. ಎತ್ತಿ, ಮನಸ್ಸಿಗೆ ಬಾರದೆ ಇಳಿಸಿದ ಸಲಗಳನ್ನೂ ಸೇರಿಸಿದರೆ ಪಿಸ್ತೂಲನ್ನು ನೂರು ಬಾರಿ ಎತ್ತುವವರಿದ್ದಾರೆ. ಅದೂ ಒಂದೇ ಕೈಯಲ್ಲಿ, ತೋಳು ನೀಳವಾಗಿ ಚಾಚಿ.

ಈಗ ಲೆಕ್ಕ ಮಾಡೋಣ. ಹೊರೆಯೆಂದರೆ ಇಲ್ಲಿ ಕಿಲೊ ತೂಕವನ್ನು ಸೆಂ.ಮೀ. ದೂರದಿಂದ ಗುಣಿಸಿದ್ದು. 60 ಕಿಲೊ ತೂಗುವವರ ತೋಳು ಸುಮಾರು 3 ಕಿಲೊ ಇರುತ್ತದೆ. ಅದರ ಭಾರ ಭುಜದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಕೂತಿದೆ ಎಂದುಕೊಳ್ಳಿ, ಒಂದು ಕಿಲೊ ಪಿಸ್ತೂಲು 65 ಸೆಂ.ಮೀ. ದೂರದಲ್ಲಿ. ಅಲ್ಲಿಗೆ ಇನ್ನು ಅರ್ಧ ಕಿಲೊ ಸೇರಿಸಿದರೆ ಭುಜದ ಮೇಲಿನ ಹೊರೆ ಐದನೆಯ ಒಂದು ಪಾಲಿನಷ್ಟು ಏರುತ್ತದೆ. ಇದನ್ನು ಅಭ್ಯಾಸದಿಂದ ತಾಳಿಕೊಳ್ಳಬಹುದು. ಮಣಿಕಟ್ಟಿನ ಲೆಕ್ಕವೇ ಬೇರೆ. ಪಿಸ್ತೂಲಿನ ಭಾರದ ಕೇಂದ್ರ ಮಣಿಕಟ್ಟಿನಿಂದ ಎಂಟು ಸೆಂ.ಮೀ. ಮುಂದಿದೆ ಎಂದು ಹಿಡಿದರೆ ಅಲ್ಲಿನ ಹೊರೆ 8. ನಿಮ್ಮ ಹಿತ್ತಾಳೆಯನ್ನು ಬ್ಯಾರೆಲಿನ ಕೆಳಗೆ 20 ಸೆಂ.ಮೀ. ದೂರದಲ್ಲಿ ಕೂಡಿಸಿದರೆ ಅದರ ಹೊರೆಯೊಂದೇ 10. ಪಿಸ್ತೂಲಿನ ತೂಕ ಒಂದೂವರೆ ಪಟ್ಟಾಯಿತು, ಮಣಿಕಟ್ಟಿನ ಕಷ್ಟ ಎರಡು ಪಟ್ಟನ್ನೂ ದಾಟಿತು.

ಶೂಟಿಂಗ್‌ನಲ್ಲಿ ಮಣಿಕಟ್ಟಿನ ತಪ್ಪಿಗೆ ಕ್ಷಮೆಯಿಲ್ಲ. ತೋಳು ಇಡಿಯಾಗಿ ಒಂದು ಮಿ.ಮೀ. ಕೆಳಗೆ ಸರಿದರೆ ಗುಂಡೂ ಒಂದೇ ಮಿ.ಮೀ. ಕೆಳಗೆ ಬೀಳುತ್ತದೆ, ಹತ್ತು ಅಂಕ ಹತ್ತಾಗಿಯೇ ಉಳಿಯುತ್ತದೆ. ಮಣಿಕಟ್ಟು ಸೋತು ಪಿಸ್ತೂಲಿನ ಮೂತಿ ಬಾಗಿ, ಗುರಿ ನೋಡುವ ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನಲ್ಲಿ ಒಂದು ಮಿ.ಮೀ. ಇಳಿದರೆ, ಎರಡು ಸೈಟುಗಳ ನಡುವೆ 33 ಸೆಂ.ಮೀ. ಇರುವ ಪಿಸ್ತೂಲಿನಲ್ಲಿ ಆ ತಪ್ಪು ಹತ್ತು ಮೀಟರ್ ದೂರದಲ್ಲಿ 30 ಮಿ.ಮೀ. ಆಗುತ್ತದೆ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ. ಗುಂಡು ಕಪ್ಪು ವೃತ್ತದ ಅಂಚಿಗೆ ಹೋಗಿ ಏಳಕ್ಕೆ ಬಿತ್ತು. ಕಬ್ಬಿನ ಟ್ರ್ಯಾಕ್ಟರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಷ್ಟು ಟನ್ ಹೇರಿದಿರಿ ಎನ್ನುವಷ್ಟೇ ಎಲ್ಲಿ ಹೇರಿದಿರಿ ಎನ್ನುವುದೂ ಮುಖ್ಯ. ಹಿಂದೆ ಭಾರ ಹೆಚ್ಚಾದರೆ ಮುಂದಿನ ಗಾಲಿ ನೆಲ ಬಿಡುತ್ತದೆ.

ಇದಕ್ಕೂ ಒಪ್ಪದವರಿಗೆ ನನ್ನಲ್ಲಿ ಇನ್ನೊಂದು ಸಾಕ್ಷಿಯಿದೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ರಾಜ್ಯದ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ, ರಿಯೊ ಒಲಿಂಪಿಕ್ಸ್‌ಗೆ ಹೋದದ್ದು 50 ಮೀಟರ್ ಪಿಸ್ತೂಲಿಗೆ. 2016ರ ರಿಯೊವರೆಗೆ ಒಲಿಂಪಿಕ್ಸ್‌ನಲ್ಲಿದ್ದ ಆ ಪಂದ್ಯದಲ್ಲಿ ಪಿಸ್ತೂಲಿನ ತೂಕಕ್ಕೆ ಮಿತಿಯೇ ಇಲ್ಲ. ಎರಡು ಕಿಲೊ ತಂದರೂ ಕೇಳುವವರಿಲ್ಲ. ಭಾರವೇ ಸ್ಥಿರತೆ ಆಗಿದ್ದರೆ ಜಗತ್ತಿನ ಉತ್ತಮ ಶೂಟರುಗಳೆಲ್ಲ ಎರಡು ಕಿಲೊ ಪಿಸ್ತೂಲು ಹಿಡಿದು ನಿಲ್ಲಬೇಕಿತ್ತು. ಆ ಪಂದ್ಯಕ್ಕೆಂದೇ ತಯಾರಾದ ಹೆಸರಾಂತ ಪಿಸ್ತೂಲುಗಳು ಒಂದು ಕಿಲೊಗಿಂತ ತುಸು ಹೆಚ್ಚು ತೂಗುತ್ತವೆ, ಅಷ್ಟೆ. ಕಟ್ಟುಪಾಡಿಲ್ಲದ ಕಡೆಯೂ ಕೈ ಕೇಳಿದ್ದು ಅಷ್ಟನ್ನೇ.

ಹಾಗೆಂದು ತೂಕ ಕೂಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗರಡಿಯಲ್ಲಿ ಗದೆಯ ಹಿಡಿಯನ್ನು ತುದಿಯಲ್ಲೊಮ್ಮೆ, ಗುಂಡಿನ ಹತ್ತಿರವೊಮ್ಮೆ ಹಿಡಿದು ತಿರುಗಿಸಿ ನೋಡಿ. ಅದೇ ಗದೆ, ಅದೇ ತೂಕ, ಆದರೆ ತಿರುಗುವ ರೀತಿ ಬೇರೆ. ಮಣಿಕಟ್ಟಿನಿಂದ 10 ಸೆಂ.ಮೀ. ದೂರವಿದ್ದ ತುಂಡನ್ನು 30 ಸೆಂ.ಮೀ. ದೂರಕ್ಕೆ ಸರಿಸಿದರೆ ಹೊರೆ ಮೂರು ಪಟ್ಟು, ತಿರುಗುವುದಕ್ಕೆ ಅದು ಒಡ್ಡುವ ತಡೆ ಒಂಬತ್ತು ಪಟ್ಟು. ಮೂತಿಯ ಬಳಿ ಹತ್ತೇ ಗ್ರಾಂ ಇಟ್ಟರೂ ಪಿಸ್ತೂಲಿನ ಸ್ವಭಾವ ಬದಲಾಗುವುದು ಈ ಕಾರಣಕ್ಕೆ. ಆದ್ದರಿಂದ ಮಗಳು ಮೊದಲು ಏನನ್ನೂ ಕೂಡಿಸದೆ, ಪೆಲೆಟ್ (ಏರ್ ಪಿಸ್ತೂಲಿನ ಗುಂಡು) ಹಾಕದೆ, ಬಿಳಿ ಗೋಡೆಯ ಎದುರು ಒಂದು ವಾರ ಎತ್ತಿ ಹಿಡಿಯಲಿ. ಟ್ರಿಗರ್ ಒತ್ತುವಾಗ ಮುಂದಿನ ಸೈಟು ಪಕ್ಕಕ್ಕೆ ಜಿಗಿದರೆ ಮುಂದೆ ಹತ್ತು ಗ್ರಾಂ ಇಟ್ಟು ಇನ್ನೊಂದು ವಾರ ನೋಡಲಿ. ಹಿಡಿದ ಏಳೆಂಟು ಸೆಕೆಂಡಿನ ಕೊನೆಗೆ ಸೈಟು ಕೆಳಗೆ ಜಾರಿದರೆ ಅದು ಹೆಚ್ಚಾಯಿತು, ತೆಗೆಯಲಿ. .22 ಪಿಸ್ತೂಲಿನಲ್ಲಿ ಹಿಮ್ಮೆಟ್ಟುವ ಹೊಡೆತವಿರುವುದರಿಂದ, ಬೇಗಬೇಗ ಹೊಡೆಯುವ ಸುತ್ತಿನಲ್ಲಿ ಮುಂದಿನ ಭಾರ ನಿಜವಾಗಿಯೂ ಕೈಹಿಡಿಯುತ್ತದೆ. ಏರ್ ಪಿಸ್ತೂಲಿಗೆ ಆ ಅಗತ್ಯವಿಲ್ಲ.

ಕೂಡಿಸುವುದಾದರೂ ತಯಾರಕರೇ ಬಿಟ್ಟ ಕಚ್ಚಿನಲ್ಲೋ ಸ್ಕ್ರೂ ಜಾಗದಲ್ಲೋ ಮಾತ್ರ. ಬ್ಯಾರೆಲಿಗೆ ರಂಧ್ರ ಕೊರೆಸಬೇಡಿ. ಸಿಲಿಂಡರನ್ನು ಲೇಥಿನ ಹತ್ತಿರವೂ ಒಯ್ಯಬೇಡಿ. ಅದರೊಳಗೆ 200 ಬಾರ್ ಒತ್ತಡವಿದೆ, ಟ್ರಕ್ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು.

ಇಷ್ಟೆಲ್ಲ ಬರೆದ ಮೇಲೆ, ಪಾಲಕರು ಯಾರೂ ಕೇಳದ ಇನ್ನೊಂದು ವಿಷಯಕ್ಕೆ ಬರುತ್ತೇನೆ. ನಾನು ಕಂಡ ಪಂದ್ಯಗಳಲ್ಲಿ 1500 ಗ್ರಾಂ ಮೀರಿತೆಂದು ಪರಿಶೀಲನೆಯ ಮೇಜಿನಿಂದ ಹಿಂದೆ ಬಂದವರಿಲ್ಲ. ಟ್ರಿಗರ್ 500 ಗ್ರಾಂ ಎತ್ತಲಿಲ್ಲವೆಂದು ಕಣ್ಣೀರು ಹಾಕಿದವರು ಬಹಳ. ಪಿಸ್ತೂಲನ್ನು ಮೂತಿ ಮೇಲಾಗಿ ನೆಟ್ಟಗೆ ಹಿಡಿದು, ಟ್ರಿಗರಿನ ನಡುಭಾಗಕ್ಕೆ 500 ಗ್ರಾಂ ತೂಕದ ಬಟ್ಟನ್ನು ಸಿಕ್ಕಿಸಿ ಮೇಜಿನಿಂದ ಮೇಲೆತ್ತುತ್ತಾರೆ. ಬಟ್ಟು ಮೇಲೆದ್ದು ತೂಗಬೇಕು, ಟ್ರಿಗರ್ ಬಿಡಬಾರದು. ಮೂರು ಬಾರಿ ಅವಕಾಶ. ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿ ‘ಸರಿಯಾಗಿದೆ’ ಎಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಬಟ್ಟು ಟ್ರಿಗರಿನ ಕೆಳತುದಿಗೆ ಜಾರಿದರೆ ಸನ್ನೆಕೋಲಿನ ಹಾಗೆ ಬಲ ಹೆಚ್ಚಿ ಟ್ರಿಗರ್ ಬಿಡುತ್ತದೆ. ಮೇಲ್ತುದಿಗೆ ಸಿಕ್ಕಿಸಿದರೆ ಸಡಿಲ ಟ್ರಿಗರೂ ಪಾಸಾದಂತೆ ಕಾಣುತ್ತದೆ. ಪಂದ್ಯ ಮುಗಿದ ಮೇಲೂ ಕರೆದು ತೂಗುವುದುಂಟು. ಆಗ ಬಿಟ್ಟರೆ ಹೊಡೆದ 60 ಗುಂಡಿಗೂ ಬೆಲೆಯಿಲ್ಲ. ನಾನು ನನ್ನಲ್ಲಿ ಕಲಿಯುವ ಮಕ್ಕಳಿಗೆ 515ರಿಂದ 520 ಗ್ರಾಂವರೆಗೆ ಬಿಗಿ ಮಾಡಿಸುತ್ತೇನೆ.

ಹಾಗಾಗಿ ಆ ಲೇಥಿನವರ ಹತ್ತಿರ ಮತ್ತೊಮ್ಮೆ ಹೋಗಿ ಬನ್ನಿ. 40 ಮಿ.ಮೀ. ದಪ್ಪದ ಹಿತ್ತಾಳೆಯ ಸರಳಿನಲ್ಲಿ 47 ಮಿ.ಮೀ. ಉದ್ದ ಕತ್ತರಿಸಿದರೆ ಹತ್ತಿರ ಹತ್ತಿರ 500 ಗ್ರಾಂ ಆಗುತ್ತದೆ. ಮೇಲೊಂದು ತಂತಿಯ ಕೊಕ್ಕೆ ಹಾಕಿಸಿ. ಶಹಾಪುರದ ಸರಾಫರ ಅಂಗಡಿಯಲ್ಲಿ ಕೊಕ್ಕೆಸಹಿತ ತೂಗಿಸಿ, ಸರಿಯಾಗಿ 500ಕ್ಕೆ ಬರುವ ತನಕ ತಳವನ್ನು ಉಜ್ಜಿಸಿ. ಮಗಳು ಪ್ರತಿ ಪಂದ್ಯದ ಹಿಂದಿನ ಸಂಜೆ ಪಿಸ್ತೂಲು ಖಾಲಿಯಿದೆಯೆಂದು ಎರಡು ಸಲ ನೋಡಿ, ಕಾಕ್ ಮಾಡಿ (ಟ್ರಿಗರನ್ನು ಹೊಡೆಯಲು ಸಜ್ಜುಗೊಳಿಸಿ), ಆ ಬಟ್ಟನ್ನು ಮೂರು ಸಲ ಎತ್ತಿ ನೋಡಲಿ.