ರೇಷಿಯಲ್ ಪ್ರೊಫೈಲಿಂಗ್: ಮುಖ ನೋಡಿ ಶಂಕಿಸುವ ಪೊಲೀಸಿಂಗ್ ಎಡವುವುದೆಲ್ಲಿ?

"ಕೆಂಪು ಜಾಕೆಟ್ ಹಾಕಿದ್ದ ಎತ್ತರದ ಕಪ್ಪು ಹುಡುಗ ಪರ್ಸ್ ಕಿತ್ತುಕೊಂಡು ಸ್ಟೇಷನ್ ಕಡೆ ಓಡಿದ" ಎಂದು ಯಾರೋ ದೂರು ಕೊಟ್ಟು, ಪೊಲೀಸರು ಅಂಥವನೊಬ್ಬನನ್ನು ಅದೇ ರಸ್ತೆಯಲ್ಲಿ ತಡೆದರೆ ಅದು ಪ್ರೊಫೈಲಿಂಗ್ ಅಲ್ಲ. ಅಲ್ಲಿ ನಡೆದ ಅಪರಾಧವೊಂದಿದೆ, ಕಂಡವರು ಹೇಳಿದ ಚಹರೆಯಿದೆ. ದೂರೂ ಇಲ್ಲದೆ, ಸುಳಿವೂ ಇಲ್ಲದೆ, "ಇಂಥ ಕೆಲಸ ಇಂಥವರದ್ದೇ" ಎಂಬ ಊಹೆಯ ಮೇಲೆ ಬಣ್ಣ, ಗಡ್ಡ, ಹೆಸರು, ಧರ್ಮ ನೋಡಿ ತಡೆದು ಜೇಬು ತಡಕಿದರೆ ಅದು ರೇಷಿಯಲ್ ಪ್ರೊಫೈಲಿಂಗ್. ಬ್ರಿಟನ್ನಿನ 1984ರ ಪೊಲೀಸ್ ಕಾಯ್ದೆಯಡಿ ಬಂದ 'ಕೋಡ್ ಎ' ಈ ಗೆರೆಯನ್ನು ಸ್ಪಷ್ಟವಾಗಿಯೇ ಎಳೆಯುತ್ತದೆ: ಹುಡುಕುತ್ತಿರುವ ವ್ಯಕ್ತಿಯ ಚಹರೆಯ ಮಾಹಿತಿ ಇದ್ದರೆ ಸರಿ, ಇಲ್ಲದಿದ್ದರೆ ಜನಾಂಗ ಅಥವಾ ಧರ್ಮವನ್ನು ಒಂಟಿಯಾಗಿಯಾಗಲಿ ಬೇರೆ ಕಾರಣದ ಜೊತೆ ಸೇರಿಸಿಯಾಗಲಿ ತಪಾಸಣೆಗೆ ನೆಪ ಮಾಡುವಂತಿಲ್ಲ.

ಈ ನಿಯಮದ ಹಿಂದೆ ಕಪ್ಪು ಜನ ಹೆಚ್ಚಾಗಿ ವಾಸಿಸುತ್ತಿದ್ದ ಲಂಡನ್ನಿನ ಬಡಾವಣೆ ಬ್ರಿಕ್ಸ್ಟನ್ ಇದೆ. 1981ರ ಏಪ್ರಿಲ್‌ನಲ್ಲಿ ಸುಲಿಗೆ, ಮನೆಗಳ್ಳತನ ತಡೆಯಲೆಂದು 'ಆಪರೇಷನ್ ಸ್ವಾಂಪ್ 81' ಎಂಬ ಹೆಸರಿನಲ್ಲಿ ಮಫ್ತಿ ಪೊಲೀಸರು ಬೀದಿಗಿಳಿದರು. ಕೆಲವೇ ದಿನಗಳಲ್ಲಿ ತಡೆದದ್ದು 943 ಮಂದಿಯನ್ನು, ಬಂಧಿಸಿದ್ದು 118 ಮಂದಿಯನ್ನು. ಸುಲಿಗೆಯ ಆರೋಪ ಹೊರಿಸಲು ಆದದ್ದು ಒಬ್ಬನ ಮೇಲೆ ಮಾತ್ರ. ಕಾರ್ಯಾಚರಣೆ ನಡೆಯುತ್ತಿರುವಾಗಲೇ ಬ್ರಿಕ್ಸ್ಟನ್ ಹೊತ್ತಿ ಉರಿಯಿತು.

ಭಯೋತ್ಪಾದನೆಯ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಕೆಡುತ್ತದೆ. ಬ್ರಿಟನ್ನಿನ 2000ದ ಭಯೋತ್ಪಾದನಾ ಕಾಯ್ದೆಯ ಸೆಕ್ಷನ್ 44 ಶಂಕೆಗೆ ಕಾರಣವೇ ಬೇಡ ಎಂದಿತು. ಹಿರಿಯ ಅಧಿಕಾರಿಯೊಬ್ಬರು ಒಂದು ಪ್ರದೇಶವನ್ನು ಗುರುತಿಸಿ 28 ದಿನಗಳವರೆಗೆ ಅನುಮತಿ ಕೊಟ್ಟರೆ, 48 ಗಂಟೆಯೊಳಗೆ ಗೃಹ ಸಚಿವರು ಒಪ್ಪಿದರೆ, ಅಲ್ಲಿ ಯಾರನ್ನು ಬೇಕಾದರೂ ತಡೆಯಬಹುದಿತ್ತು. ಅವಧಿ ಮುಗಿದಂತೆಲ್ಲ ನವೀಕರಿಸುತ್ತ ಹೋಗಿದ್ದರಿಂದ ಗ್ರೇಟರ್ ಲಂಡನ್ ಪೂರ್ತಿ ವರ್ಷಗಟ್ಟಲೆ ಈ ಅನುಮತಿಯಡಿಯಲ್ಲೇ ಇತ್ತು. 2004–05ರಲ್ಲಿ 33,177 ಇದ್ದ ತಪಾಸಣೆಗಳು 2007–08ರ ಹೊತ್ತಿಗೆ 1,17,278 ಆದವು. ಕಾಯ್ದೆಯ ಸ್ವತಂತ್ರ ಪರಿಶೀಲಕರಾಗಿದ್ದ ಲಾರ್ಡ್ ಕಾರ್ಲೈಲ್ 2007ರ ಬಗೆಗಿನ ವರದಿಯಲ್ಲಿ, ಇಷ್ಟು ಸಾವಿರ ತಪಾಸಣೆಗಳಲ್ಲಿ ಒಂದೂ ಭಯೋತ್ಪಾದನೆಯ ಅಪರಾಧಕ್ಕೆ ಸಂಬಂಧಿಸಿರಲಿಲ್ಲ ಎಂದು ಬರೆದರು. ಮುಂದೆ ಅವರೇ ಇನ್ನೊಂದು ವಿಚಿತ್ರವನ್ನು ಎತ್ತಿ ತೋರಿಸಿದರು: ಅಂಕಿಅಂಶದಲ್ಲಿ ಜನಾಂಗೀಯ ಸಮತೋಲನ ಕಾಣಲಿ ಎಂದು, ಯಾವ ರೀತಿಯಲ್ಲೂ ಶಂಕೆಗೆ ಎಡೆಯಿಲ್ಲದ ಬಿಳಿಯರನ್ನೂ ತಡೆಯಲಾಗುತ್ತಿತ್ತು! ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರ ಜನವರಿಯಲ್ಲಿ ಈ ಅಧಿಕಾರ ಕಾನೂನುಬಾಹಿರ ಎಂದಿತು. ಅದೇ ಜುಲೈನಲ್ಲಿ ಸರ್ಕಾರ ಅದನ್ನು ಅಮಾನತಿನಲ್ಲಿಟ್ಟಿತು.

ಇಷ್ಟು ಜಾಲಾಡಿದರೂ ಯಾಕೆ ಸಿಗಲಿಲ್ಲ? ಒಂದು ಲಕ್ಷ ಜನರ ಸಮುದಾಯದಲ್ಲಿ ನಿಜಕ್ಕೂ ಅಪಾಯಕಾರಿಗಳು 10 ಮಂದಿ ಎಂದಿಟ್ಟುಕೊಳ್ಳಿ. ನೂರಕ್ಕೆ 99 ಸಲ ಸರಿಯಾಗಿ ಗುರುತಿಸುವ ಪರೀಕ್ಷೆಯೊಂದು ನಮ್ಮ ಬಳಿ ಇದ್ದರೂ, ಆ ಹತ್ತು ಮಂದಿಯ ಜೊತೆ ಸುಮಾರು 1,000 ನಿರಪರಾಧಿಗಳು ಬಲೆಗೆ ಬೀಳುತ್ತಾರೆ. ಮೈಬಣ್ಣವಂತೂ ಅದರ ಹತ್ತಿರಕ್ಕೂ ಬರುವ ಪರೀಕ್ಷೆಯಲ್ಲ.

ಹಾಗೆ ಹಿಡಿಯಲು ಹೊರಟ 'ತಮ್ಮ ದೇಶದಲ್ಲೇ ಬೆಳೆದ ಉಗ್ರ'ನಿಗೆ ಒಂದು ಸಿದ್ಧ ಚಹರೆಯೂ ಇರುವುದಿಲ್ಲ. 2005ರ ಜುಲೈ 7ರಂದು ಲಂಡನ್ನಿನಲ್ಲಿ 52 ಜನರನ್ನು ಕೊಂದ ನಾಲ್ವರಲ್ಲಿ ಮೂವರು ಬ್ರಿಟನ್ನಿನಲ್ಲೇ ಹುಟ್ಟಿದವರು. ಗುಂಪಿನ ಮುಂದಾಳು ಮೊಹಮ್ಮದ್ ಸಿದ್ದಿಕ್ ಖಾನ್ ಲೀಡ್ಸ್‌ನ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಕಲಿಕೆಗೆ ನೆರವಾಗುವ ಕೆಲಸದಲ್ಲಿದ್ದವನು. ಶೆಹಜಾದ್ ತನ್ವೀರ್ ಅಂಗಡಿ ಇಟ್ಟಿದ್ದವರ ಮಗ, ಕ್ರಿಕೆಟ್ ಹುಚ್ಚಿನವನು. ನಾಲ್ಕನೆಯವನು ಜಮೈಕಾದಲ್ಲಿ ಹುಟ್ಟಿ ಮತಾಂತರಗೊಂಡಿದ್ದ. 2001ರಲ್ಲಿ ಶೂನಲ್ಲಿ ಸ್ಫೋಟಕ ಇಟ್ಟುಕೊಂಡು ವಿಮಾನ ಹತ್ತಿದ ರಿಚರ್ಡ್ ರೀಡ್‌ನ ತಾಯಿ ಇಂಗ್ಲಿಷ್ ಹೆಂಗಸು. 2008ರಲ್ಲಿ ಬಯಲಾದ, ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂ.ಐ.5ರ ಆಂತರಿಕ ಅಧ್ಯಯನವೂ ಉಗ್ರವಾದಕ್ಕೆ ಒಂದೇ ದಾರಿಯಿಲ್ಲ, ಒಂದೇ ಮಾದರಿಯ ವ್ಯಕ್ತಿಯಿಲ್ಲ ಎಂದೇ ಹೇಳಿತ್ತು.

ಹಾಗಾದರೆ ಸಮಾಜ ಹೊರಗಿಡುವುದಕ್ಕೂ ಉಗ್ರವಾದಕ್ಕೂ ನಂಟೇ ಇಲ್ಲವೇ? ಇದೆ, ಆದರೆ "ಅವಮಾನವಾಯಿತು, ಬಾಂಬ್ ಹಿಡಿದ" ಎನ್ನುವಷ್ಟು ನೇರವಾಗಿಲ್ಲ. ಕೆಲಸ ಸಿಗದ, ಪದೇ ಪದೇ ತಡೆಯಲ್ಪಟ್ಟ ಲಕ್ಷಾಂತರ ಮಂದಿ ಸುಮ್ಮನೆ ಬದುಕುತ್ತಾರೆ. ಯಾರನ್ನೋ ಸೆಳೆಯಲು ಕುಳಿತವನಿಗೆ ಮಾತ್ರ ಆ ಅವಮಾನ ಕೈಗೆ ಸಿಕ್ಕ ಸಾಮಗ್ರಿ: "ನೀನು ಇಲ್ಲೇ ಹುಟ್ಟಿದೆ, ಆದರೂ ಇವರು ನಿನ್ನನ್ನು ತಮ್ಮವನೆಂದು ಒಪ್ಪಿದರೇ?" ಗೆಳೆಯರ ಸಣ್ಣ ಗುಂಪು, ಮಾತಿನ ಮೋಡಿಯ ಒಬ್ಬ ಹಿರಿಯ, ಒಂದು ಸಿದ್ಧಾಂತ ಇವೆಲ್ಲ ಕೂಡಿದಾಗ ಆ ಪ್ರಶ್ನೆಗೆ ಬಲ ಬರುತ್ತದೆ. ಉತ್ತರ ಐರ್ಲೆಂಡಿನಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. 1971ರ ಆಗಸ್ಟ್ 9ರ ಬೆಳಗಿನ ಜಾವ ಬ್ರಿಟಿಷ್ ಸೇನೆ, ಬ್ರಿಟನ್ನಿನ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಕ್ಯಾಥೊಲಿಕ್ ಕಡೆಯ ಸಶಸ್ತ್ರ ಗುಂಪು ಐ.ಆರ್.ಎ.ಯವರೆಂಬ ಶಂಕೆಯ ಮೇಲೆ, ವಿಚಾರಣೆಯಿಲ್ಲದೆ 342 ಮಂದಿಯನ್ನು ಮನೆಗಳಿಂದ ಎಳೆದೊಯ್ದಿತು. ಹೆಸರಿನ ಪಟ್ಟಿ ಹಳತು, ನೂರಕ್ಕೂ ಹೆಚ್ಚು ಮಂದಿಯನ್ನು ಎರಡೇ ದಿನದಲ್ಲಿ ಬಿಡಬೇಕಾಯಿತು. ಎದುರು ಬಣದ, ಬ್ರಿಟನ್ನಿಗೆ ನಿಷ್ಠರಾದ ಪ್ರಾಟೆಸ್ಟಂಟ್ ಬಂದೂಕುಧಾರಿಗಳನ್ನು 1973ರವರೆಗೆ ಹೀಗೆ ಸೆರೆಯಲ್ಲಿಡಲೇ ಇಲ್ಲ. ಕ್ಯಾಥೊಲಿಕ್ ಬೀದಿಗಳಲ್ಲಿ ಐ.ಆರ್.ಎ.ಗೆ ಸೇರುವವರು ಹೆಚ್ಚಿದರು. 1972ರಲ್ಲಿ ಸತ್ತವರು ಸುಮಾರು 480, ಆ ಸಂಘರ್ಷದ ಅತಿ ರಕ್ತಸಿಕ್ತ ವರ್ಷ ಅದು.

ಇನ್ನೊಂದು ನಷ್ಟ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ, ನನ್ನ ಪ್ರಕಾರ ದೊಡ್ಡದು ಅದೇ. ಒಬ್ಬ ಹುಡುಗ ದಾರಿ ತಪ್ಪುತ್ತಿದ್ದರೆ ಮೊದಲು ಗೊತ್ತಾಗುವುದು ಅಮ್ಮನಿಗೆ, ಅಣ್ಣನಿಗೆ, ಮಸೀದಿಯ ಹಿರಿಯರಿಗೆ. ಅವರು ಬಾಯಿ ಬಿಡಬೇಕಾದರೆ ಪೊಲೀಸರ ಮೇಲೆ ನಂಬಿಕೆ ಬೇಕು. 2010ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಬ್ರೂಕ್ ಮತ್ತು ವಾಶ್‌ವುಡ್ ಹೀತ್ ಎಂಬ ಮುಸ್ಲಿಮರು ಹೆಚ್ಚಿರುವ ಬಡಾವಣೆಗಳಲ್ಲಿ 200ಕ್ಕೂ ಹೆಚ್ಚು ಕ್ಯಾಮೆರಾ ನೆಟ್ಟರು. ಅವುಗಳಲ್ಲಿ 72 ಕಣ್ಣಿಗೆ ಕಾಣದಂತೆ ಅಡಗಿಸಿದಂಥವು. ಜನರಿಗೆ ಹೇಳಿದ್ದು ಮಾಮೂಲಿ ಅಪರಾಧ ತಡೆಗೆ ಎಂದು, ಹಣ ಬಂದದ್ದು ಭಯೋತ್ಪಾದನೆ ನಿಗ್ರಹದ ಬಾಬ್ತಿನಿಂದ. ಸುದ್ದಿ ಹೊರಬಿದ್ದ ಮೇಲೆ ಪೊಲೀಸ್ ಮುಖ್ಯಸ್ಥರು ಕ್ಷಮೆ ಕೇಳಿ ಎಲ್ಲವನ್ನೂ ಕೀಳಿಸಬೇಕಾಯಿತು.

ಬೆಂಗಳೂರಿಗೂ ಈ ವಿಷಯ ತಟ್ಟಿದೆ. 2007ರ ಜೂನ್ 30ರಂದು ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಜೀಪ್ ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು, ಎಂಜಿನಿಯರ್. ಎರಡು ದಿನದ ನಂತರ ಆಸ್ಟ್ರೇಲಿಯಾದಲ್ಲಿ ಬೆಂಗಳೂರಿನದೇ ವೈದ್ಯ ಡಾ. ಮೊಹಮ್ಮದ್ ಹನೀಫ್ ಅವರನ್ನು ಬಂಧಿಸಿದರು. ಇದು ಅಪ್ಪಟ ಪ್ರೊಫೈಲಿಂಗ್ ಅಲ್ಲ, ಬ್ರಿಟನ್ ಬಿಡುವಾಗ ಅವರು ಕಫೀಲ್‌ನ ತಮ್ಮನಿಗೆ ಕೊಟ್ಟುಬಂದಿದ್ದ ಸಿಮ್ ಕಾರ್ಡಿನ ಸುಳಿವಿತ್ತು. ಆದರೆ ಮುಂದಿನದೆಲ್ಲ ಆ ಸುಳಿವನ್ನು ಶಂಕೆಗೆ ಹೊಂದಿಸಿಕೊಂಡದ್ದು. ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಹೊರಟವರ ಒನ್‌ವೇ ಟಿಕೆಟ್ಟೂ ಅನುಮಾನಕ್ಕೆ ಕಾರಣವಾಯಿತು. ಸಿಮ್ ಸುಟ್ಟ ಜೀಪಿನಲ್ಲಿತ್ತು ಎಂದು ಕೋರ್ಟಿಗೆ ಹೇಳಲಾಯಿತು, ನಿಜವಾಗಿ ಅದು ಇದ್ದದ್ದು ಲಿವರ್‌ಪೂಲ್‌ನಲ್ಲಿ. ಜುಲೈ 27ಕ್ಕೆ ಆರೋಪ ಕೈಬಿಟ್ಟರು, 2010ರಲ್ಲಿ ಪರಿಹಾರ ಕೊಟ್ಟರು.

ಪ್ರೊಫೈಲಿಂಗ್ ನಡೆಯುತ್ತಿದೆಯೇ ಎಂದು ಪರೀಕ್ಷಿಸಲು ಯಾರನ್ನು ಎಷ್ಟು ತಡೆದರು ಎಂಬುದೊಂದೇ ಸಾಲದು. ಆ ಹೊತ್ತಿನಲ್ಲಿ ಬೀದಿಯಲ್ಲಿ ಯಾರಿದ್ದರು ಎಂಬ ತಕರಾರು ಬಂದೇ ಬರುತ್ತದೆ. ತಡೆದವರಲ್ಲಿ ಎಷ್ಟು ಮಂದಿಯ ಬಳಿ ಏನಾದರೂ ಸಿಕ್ಕಿತು ಎಂಬುದನ್ನು ಗುಂಪುವಾರು ನೋಡಬೇಕು. ಒಂದು ಗುಂಪಿನಲ್ಲಿ ಸಿಗುವ ಪ್ರಮಾಣ ಕಡಿಮೆಯಿದ್ದರೆ, ಅವರನ್ನು ತಡೆಯಲು ತೀರಾ ತೆಳುವಾದ ಕಾರಣ ಸಾಕಾಗುತ್ತಿದೆ ಎಂದರ್ಥ. ಅಮೆರಿಕದ ಕಸ್ಟಮ್ಸ್ ಇಲಾಖೆ 1990ರ ದಶಕದ ಕೊನೆಯಲ್ಲಿ ಇದೇ ಲೆಕ್ಕ ಹಿಡಿದು ಶಂಕೆಯ 43 ಲಕ್ಷಣಗಳ ಪಟ್ಟಿಯನ್ನು 6ಕ್ಕೆ ಇಳಿಸಿತು. ಜನಾಂಗ ಬಿಟ್ಟು ವರ್ತನೆಯನ್ನು ಗಮನಿಸಲು, ತಪಾಸಣೆಗೆ ಮುಂಚೆ ಮೇಲಧಿಕಾರಿಯ ಒಪ್ಪಿಗೆ ಪಡೆಯಲು ಹೇಳಿತು. ತಪಾಸಣೆಗಳು ಮುಕ್ಕಾಲು ಪಾಲು ತಗ್ಗಿದವು. ಮಾಲು ಸಿಗುವ ಪ್ರಮಾಣ ಶೇ. 5ಕ್ಕಿಂತ ಕಡಿಮೆಯಿದ್ದದ್ದು ಶೇ. 13 ದಾಟಿತು.