ಮೂರು ತಿಂಗಳು ತುಂಬಲಿ ಎಂದು ಕಾಯಬೇಡಿ

ಕೊಪ್ಪಳದಲ್ಲಿ ನನ್ನ ಹತ್ತಿರ ಬರುವ ಬಸುರಿಯರಲ್ಲಿ ಜಾಸ್ತಿ ಮಂದಿ ಮೂರು ತಿಂಗಳು ತುಂಬಿದ ಮೇಲೆಯೇ ಬರುತ್ತಾರೆ. ಅಲ್ಲಿವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂದು ಮನೆಯಲ್ಲಿ ಹಿರಿಯರು ಹೇಳಿರುತ್ತಾರೆ. ಬಂದು ಕೂತವರೇ 'ಶಕ್ತಿ ಗುಳಿಗಿ ಬರದುಕೊಡ್ರೀ' ಎನ್ನುತ್ತಾರೆ. ಬರೆದುಕೊಡುತ್ತೇನೆ, ರಕ್ತಕ್ಕೆ ಅದು ಬೇಕೇ ಬೇಕು. ಆದರೆ ಅದರೊಳಗಿನ ಫೋಲಿಕ್ ಆಸಿಡ್‌ಗೆ, ಅಂದರೆ ಬಿ9 ವಿಟಮಿನ್‌ಗೆ, ಇದ್ದ ಇನ್ನೊಂದು ದೊಡ್ಡ ಕೆಲಸದ ಹೊತ್ತು ಅಷ್ಟರಲ್ಲಿ ಮೀರಿರುತ್ತದೆ.

ಇದೊಂದನ್ನು ನಿಧಾನಕ್ಕೆ ಹೇಳುತ್ತೇನೆ. ಮಗುವಿನ ಮೆದುಳು, ಬೆನ್ನುಹುರಿ ಮೊದಲು ತೆಳ್ಳನೆಯ ಹಾಳೆಯಂತೆ ಇರುತ್ತವೆ. ಹಾಳೆಯ ಎರಡೂ ಅಂಚು ಮೇಲೆದ್ದು, ಕೂಡಿಕೊಂಡು ಕೊಳವೆಯಾಗಬೇಕು. ಅದಕ್ಕೆ ಫೋಲಿಕ್ ಆಸಿಡ್ ಬೇಕು. ಗರ್ಭ ನಿಂತ ಸುಮಾರು 28 ದಿನದಲ್ಲಿ ಕೊಳವೆ ಮುಚ್ಚಿಕೊಳ್ಳುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 'ಈ ಸಲ ತಡ ಆಗಿರಬೇಕು, ಇನ್ನೊಂದು ವಾರ ನೋಡೋಣ' ಅಂತ ನೀವು ಅಂದುಕೊಳ್ಳುವ ದಿನಗಳವು. ಮೇಲ್ಗಡೆ ಮುಚ್ಚದಿದ್ದರೆ ತಲೆಬುರುಡೆ ಕೂಡುವುದಿಲ್ಲ. ಕೆಳಗಡೆ ಮುಚ್ಚದಿದ್ದರೆ ಬೆನ್ನು ತೆರೆದೇ ಉಳಿಯುತ್ತದೆ. ಆಮೇಲೆ ಎಷ್ಟು ಗುಳಿಗೆ ನುಂಗಿದರೂ ಅದು ಮುಚ್ಚದು. ಅದಕ್ಕೇ ಗರ್ಭ ನಿಲ್ಲುವ ಒಂದು ತಿಂಗಳು ಮುಂಚೆಯಿಂದಾದರೂ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಹೊಟ್ಟೆಗೆ ಹೋಗುತ್ತಿರಬೇಕು.

'ದಿನಾ ಪುಂಡಿಪಲ್ಯ, ಮೆಂತ್ಯೆ ತಿಂತೀವಲ್ರೀ' ಎನ್ನುತ್ತಾರೆ. ತಿನ್ನಿ, ಬಿಡಬೇಡಿ. ಸೊಪ್ಪಿನಲ್ಲಿರುವ ಈ ವಿಟಮಿನ್‌ಗಿರುವ ಫೋಲೇಟ್ ಎಂಬ ಹೆಸರೇ ಎಲೆ ಎನ್ನುವ ಲ್ಯಾಟಿನ್ ಪದದಿಂದ ಬಂದದ್ದು. ಆದರೆ ಈ ವಿಟಮಿನ್ ಕುದಿಸಿದರೆ ಹಾಳಾಗುತ್ತದೆ, ನೀರಿಗೂ ಇಳಿಯುತ್ತದೆ. ಪುಂಡಿ ಕುದಿಸಿ ಹುಳಿನೀರು ಬಸಿದು ಚೆಲ್ಲುತ್ತೇವೆ ಅಲ್ವಾ?

ಹೋದ ವರ್ಷ ಗಂಗಾವತಿ ಕಡೆಯ ಹುಡುಗಿಯೊಬ್ಬಳ ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿಗೆ ತಲೆಬುರುಡೆಯೇ ಇರಲಿಲ್ಲ. ಅವಳು ಕೈಚೀಲದಿಂದ ಖಾಲಿ ಗುಳಿಗೆ ಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದಳು. 'ಒಂದೂ ತಪ್ಪಿಸಿಲ್ರೀ ಮೇಡಂ.' ನಿಜ, ತಪ್ಪಿಸಿರಲಿಲ್ಲ. ಶುರು ಮಾಡಿದ್ದೇ ಮೂರು ತಿಂಗಳ ಮೇಲೆ. ಅದು ಅವಳ ತಪ್ಪಲ್ಲ ಎಂದು ಅವಳಿಗೆ ಮನದಟ್ಟು ಮಾಡಲು ಅರ್ಧ ತಾಸು ಹಿಡಿಯಿತು.

ಗುಳಿಗೆ ಸರಿಯಾಗಿ ತಗೊಂಡರೂ ಕೆಲವರಿಗೆ ಹೀಗಾಗುತ್ತದೆ, ಪೂರ್ತಿ ಖಾತ್ರಿ ಕೊಡಲಾರೆ. ಆದರೆ ಹಿಂದೆ ಇಂಥ ಮಗುವಾಗಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಮೊದಲೇ ಕೊಟ್ಟು ನೋಡಿದ ಅಧ್ಯಯನವೊಂದು 1991ರಲ್ಲಿ ಬ್ರಿಟನ್‌ನಲ್ಲಿ ಪ್ರಕಟವಾಯಿತು. ಮತ್ತೆ ಹಾಗಾಗುವುದು ಶೇ 72ರಷ್ಟು ಕಡಿಮೆಯಾಗಿತ್ತು. ಇಂಥವರಿಗೆ ಮತ್ತು ಫಿಟ್ಸ್ ಮಾತ್ರೆ ನುಂಗುವವರಿಗೆ ದೊಡ್ಡ ಡೋಸ್ ಬೇಕಾಗಬಹುದು. ಎಷ್ಟು ಎನ್ನುವುದನ್ನು ನಿಮ್ಮ ಡಾಕ್ಟರೇ ಹೇಳಲಿ, ಅಂಗಡಿಯಲ್ಲಿ ಸುಮ್ನೆ ಕೇಳಿ ತರಬೇಡಿ. ಫಿಟ್ಸ್ ಮಾತ್ರೆಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ.

ಈ ಸಲ ಗವಿಮಠದ ಜಾತ್ರೆ ಮುಗಿದ ವಾರ ಆ ಹುಡುಗಿ ಗಂಡನ ಜೊತೆ ಬಂದಳು. ಎಷ್ಟು ತಿಂಗಳಮ್ಮಾ ಎಂದೆ.

'ಇನ್ನೂ ಏನಿಲ್ರೀ. ಮೊದ್ಲ ಗುಳಿಗಿ ಬರಸ್ಕೊಂಡು ಹೋಗೂಣಂತ ಬಂದೀವಿ.'